ಬೈದ ಮೇಲೆ ಚಹಾ ಇರುತ್ತಿತ್ತು

"ಸರ್, ರ್ಯಾಂಕ್ ಅಂತ ಟೈಪ್ ಮಾಡಿದ್ರೆ ಯ ಮುಂದೆ ಬಂದು ಪಕ್ಕಕ್ಕೆ ಅರ್ಕಾವತ್ತು ಕೂಡ್ತಿದೆ. ಪೇಪರ್‌ನಲ್ಲಿ ಬರೋ ಹಾಗೆ ರ ಮುಂದೆ ಬರಬೇಕಂದ್ರೆ ಏನ್ ಮಾಡಬೇಕು? ಸಂಜೆಗೆ ಬ್ಯಾನರ್ ಕೊಡೋದಿದೆ."

ಚಿತ್ತಾಪುರದ ಒಬ್ಬ ಹುಡುಗಿ ನಮ್ಮ ಟೆಲಿಗ್ರಾಂ ಗುಂಪಿನಲ್ಲಿ ಕೇಳಿದ ಪ್ರಶ್ನೆ ಇದು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ. ಶಾಲೆಗಳೆಲ್ಲ ಮಕ್ಕಳ ಫೋಟೋ ಹಾಕಿ ಬ್ಯಾನರ್ ಮಾಡಿಸುವ ಹೊತ್ತು. ಜೊತೆಗೆ ಸ್ಕ್ರೀನ್‌ಶಾಟ್ ಕೂಡ ಹಾಕಿದ್ದಳು. ಪ್ರಶ್ನೆ ಕೇಳಿದರೆ ಹೀಗೆ ಕೇಳಬೇಕು. ಏನು ಮಾಡಿದೆ, ಏನು ಬಂತು, ಏನು ಬರಬೇಕಿತ್ತು, ಎಷ್ಟೊತ್ತಿಗೆ ಬೇಕು, ಎಲ್ಲ ಅದರಲ್ಲೇ ಇತ್ತು.

ನಾಲ್ಕೇ ನಿಮಿಷಕ್ಕೆ ಉತ್ತರ ಬಂತು.

"ಮೊದಲು ಒಂದನೇ ಕ್ಲಾಸಿಗೆ ಹೋಗಿ ಕಾಗುಣಿತ ಕಲಿ. ಆಮ್ಯಾಲ ಬ್ಯಾನರ್ ಮಾಡು. ಅಂಗಡಿ ತೆರಿ ಅಂತ ಯಾರ್ ಹೇಳ್ಯಾರ ನಿಮಗೆಲ್ಲ? ರ ಆದ ಮ್ಯಾಲ ಝೀರೋ ವಿಡ್ತ್ ಜಾಯ್ನರ್ ಹಾಕು, ಆಮ್ಯಾಲ ಹಲಂತ, ಆಮ್ಯಾಲ ಯ. ತಿಳೀತಾ?"

ಉತ್ತರ ನೂರಕ್ಕೆ ನೂರು ಸರಿ. ಯೂನಿಕೋಡ್‌ನಲ್ಲಿ ರ, ಹಲಂತ (ಅಕ್ಷರದ ಸ್ವರ ತೆಗೆಯುವ ಗುರುತು), ಯ ಒಂದರ ಹಿಂದೊಂದು ಬಂದರೆ ಕಂಪ್ಯೂಟರ್ ಅದನ್ನು 'ಸೂರ್ಯ'ದ ರ್ಯ ಅಂತಲೇ ತಿಳಿಯುತ್ತದೆ. ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಆ ಜಾಯ್ನರ್ ಕೂಡಿಸಿದರೆ ರ ಇದ್ದಲ್ಲೇ ನಿಲ್ಲುತ್ತದೆ, ಯ ಒತ್ತಾಗುತ್ತದೆ. ರ‍್ಯಾಂಕ್, ರ‍್ಯಾಲಿ ಎಲ್ಲದಕ್ಕೂ ಇದೇ ದಾರಿ. ಆದರೆ ಇದಕ್ಕೂ ಕಾಗುಣಿತಕ್ಕೂ ಏನು ಸಂಬಂಧ? ಕನ್ನಡ ಎಂ.ಎ. ಮಾಡಿದವರಿಗೂ ಇದು ಗೊತ್ತಿರುವುದಿಲ್ಲ.

ಆ ಉತ್ತರಕ್ಕೆ ಏಳು ಜನ ನಗುವ ಮುಖ ಒತ್ತಿದ್ದರು. ಅದರಲ್ಲಿ ಒಂದು ನನ್ನದು. ನಾನು ಗುಂಪಿನ ಅಡ್ಮಿನ್.

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ಕಂಪ್ಯೂಟರ್ ರಿಪೇರಿ, ಪ್ರಿಂಟರ್, ಸ್ವಲ್ಪ ಡಿಟಿಪಿ. 2020ರ ಲಾಕ್‌ಡೌನ್‌ನಲ್ಲಿ ಶೆಟರ್ ಇಳಿಸಿ ಮನೆಯಲ್ಲಿ ಕೂತಾಗ ನಮ್ಮಂಥ ಅಂಗಡಿಯವರೇ ಒಂದಿಷ್ಟು ಜನ ವಾಟ್ಸಾಪ್ ಗುಂಪು ಮಾಡಿದೆವು. ಸೈಬರ್ ಸೆಂಟರ್‌ನವರು, ಝೆರಾಕ್ಸ್‌ನವರು, ಸೇಡಂ, ಜೇವರ್ಗಿ, ಅಫಜಲಪುರ ಕಡೆಯ ಡಿಟಿಪಿ ಆಪರೇಟರ್‌ಗಳು, ಜೊತೆಗೆ ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಕಲಿಯುವ ನಾಲ್ಕಾರು ಕಾಲೇಜು ಹುಡುಗರು. ಆಗ ವಾಟ್ಸಾಪ್ ಗುಂಪಿಗೆ 256 ಜನರ ಮಿತಿ. ಅದು ತುಂಬಿತು. ಇನ್ನೊಂದು ತಾಪತ್ರಯವೂ ಇತ್ತು. ವಾಟ್ಸಾಪ್‌ನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತಿತ್ತು. ಗುಂಪಿನ ಹೆಣ್ಣುಮಕ್ಕಳಿಗೆ ರಾತ್ರಿ ಹನ್ನೊಂದಕ್ಕೆ "ಹಾಯ್ ಮೇಡಂ, ಊಟ ಆಯ್ತಾ" ಶುರುವಾಗಿತ್ತು. ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಿಡಬಹುದು, ಎರಡು ಲಕ್ಷ ಜನರವರೆಗೂ ಸೇರಿಸಬಹುದು ಅಂತ ಅಲ್ಲಿಗೆ ಹೋದೆವು. ಎರಡು ಲಕ್ಷ ನಮಗ್ಯಾಕೆ, ಆರು ನೂರಕ್ಕೇ ಸಾಕಾಗಿ ಹೋಗಿದೆ.

ಟೆಲಿಗ್ರಾಂನ ಇನ್ನೊಂದು ಗುಣ ಅಂದ್ರೆ, ಹೊಸಬರು ಬಂದ ಕೂಡಲೇ ಹಳೆಯ ಮಾತುಕತೆಯೆಲ್ಲ ಓದಬಹುದು. ಹಳೆಯ ಉತ್ತರ ಹುಡುಕಿಕೊಳ್ಳಲಿ ಅಂತ ನಾವೇ ಅದನ್ನು ಆನ್ ಮಾಡಿದ್ದೆವು. ಹಳೆಯ ಬೈಗುಳವೂ ಅಲ್ಲೇ ಸಿಗುತ್ತದೆ ಅನ್ನುವುದು ತಲೆಗೆ ಬರಲಿಲ್ಲ.

ಇನ್ನು ಬೈದವರು. ಹೆಸರು ಬೇಡ. ಗುಂಪಿನಲ್ಲಿ ಎಲ್ಲರೂ 'ಗುರುಗಳು' ಅಂತಲೇ ಕರೆಯುತ್ತಿದ್ದರು. ನನಗಂತೂ ಖರೇನೇ ಗುರು. ಡಾಸ್ ಕಾಲದಿಂದ ಕಂಪ್ಯೂಟರ್ ಬಿಚ್ಚಿದವರು. ಪಿಯುಸಿ ಫೇಲಾಗಿ ಸುಮ್ನೆ ಓಡಾಡುತ್ತಿದ್ದ ನನ್ನನ್ನು ಅಂಗಡಿಯಲ್ಲಿ ಕೂರಿಸಿಕೊಂಡವರು. ಲ್ಯಾನ್ ಕೇಬಲ್ ಕ್ರಿಂಪ್ ಮಾಡೋದು ಕಲಿಸುವಾಗ ಬಣ್ಣದ ಸಾಲು ಬಾಯಿಪಾಠ ಮಾಡಿಸಿದ್ದರು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನೀಲಿ, ಹಸಿರು ಅದಲುಬದಲಾದರೆ ಕ್ರಿಂಪಿಂಗ್ ಟೂಲ್‌ನಿಂದಲೇ ಬೆರಳ ಗೆಣ್ಣಿಗೆ ಕುಟ್ಟುತ್ತಿದ್ದರು. "ಕಣ್ಣ್ ಅದಾವೋ ಇಲ್ಲೋ ನಿನಗ?" ಅಂತ ಬೈಯುತ್ತಿದ್ದರು. ನನ್ನಂಥ ಎಂಟು ಹತ್ತು ಜನ ಅವರ ಕೈಯಲ್ಲಿ ಬೈಸಿಕೊಂಡೇ ಇವತ್ತು ಸ್ವಂತ ಅಂಗಡಿ ಇಟ್ಟಿದ್ದೇವೆ.

ಹಾಗಾಗಿ ಗುಂಪಿನಲ್ಲಿ ಅವರು ಯಾರಿಗಾದರೂ ಬೈದರೆ ನಮಗೆ ಹಳೇ ನೆನಪು. ನಗು ಬರುತ್ತಿತ್ತು. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಅವರು ಇದ್ದರೆ ನನಗೆ ಕೆಲಸ ಕಮ್ಮಿ. ದಿನಕ್ಕೆ ಮೂವತ್ತು ಪ್ರಶ್ನೆ ಬಂದರೆ ಇಪ್ಪತ್ತಕ್ಕೆ ಅವರೇ ಉತ್ತರ ಕೊಡುತ್ತಿದ್ದರು.

ಕಾಟ ಕೊಡುವವರು ಬೇರೆಯವರೂ ಇದ್ದರು. ಅವರ ಕಥೆ ಬೇಗ ಮುಗಿಯುತ್ತದೆ. ಸಾಲದ ಆ್ಯಪ್‌ನ ಜಾಹೀರಾತು ಹಾಕುವವರು, ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವು ಕಳಿಸುವವರು, ಕ್ರ್ಯಾಕ್ ಸಾಫ್ಟ್‌ವೇರ್ ಲಿಂಕ್ ಬೇಡುವವರು, "ಅರ್ಜೆಂಟ್ ಸರ್" ಅಂತಷ್ಟೇ ಬರೆದು ಮಾಯವಾಗುವವರು. ಮೊದಲಿನವರನ್ನು ನೋಡಿದ ಕೂಡಲೇ ತೆಗೆದೆವು. ಲಿಂಕ್ ಮೂಲಕ ಬರುವವರಿಗೆ ಅಡ್ಮಿನ್ ಒಪ್ಪಿಗೆ ಬೇಕು ಅಂತ ಮಾಡಿದ ಮೇಲೆ ಅವರ ಕಾಟ ನಿಂತೇಹೋಯಿತು. ಒಬ್ಬ ಮಾತ್ರ ಚುನಾವಣೆ ಹೊತ್ತಿಗೆ ಜಾತಿ ಧರ್ಮದ ಜಗಳದ ಫಾರ್ವರ್ಡ್ ಹಾಕತೊಡಗಿದ. ಆಳಂದ ರಸ್ತೆಯ ಝೆರಾಕ್ಸ್ ಅಂಗಡಿಯ ಗೆಳೆಯ, ಅವನೂ ಅಡ್ಮಿನ್, ಹೆದರಿಬಿಟ್ಟ. "ಅವ ಹಾಕಿದ್ದಕ್ಕ ನಮ್ಮನ್ನ ಒಳಗ ಹಾಕ್ತಾರ್ ನೋಡು" ಅಂದ. ನನ್ನ ಗಿರಾಕಿಯೊಬ್ಬರು ವಕೀಲರು. ಕೇಳಿದೆ. 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್, ಎರಡೂ ಇದನ್ನೇ ಹೇಳಿವೆಯಂತೆ. ಸದಸ್ಯ ಹಾಕಿದ ಮೆಸೇಜಿಗೆ ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಹೊಣೆ ಬರುವುದಿಲ್ಲ. "ಆದ್ರ ನೋಡಿದ ಮ್ಯಾಲೂ ಸುಮ್ನ ಯಾಕ್ ಇಡ್ತೀರಿ, ತೆಗೀರಿ" ಅಂದರು. ತೆಗೆದೆವು. ಇಂಥವರನ್ನು ಕಳಿಸುವುದಕ್ಕೆ ಎದೆ ಗಟ್ಟಿ ಬೇಕಾಗಿಲ್ಲ. ಬೆರಳಿದ್ದರೆ ಸಾಕು.

ಆ ಬ್ಯಾನರ್ ಪ್ರಶ್ನೆಯಾಗಿ ಮೂರು ನಾಲ್ಕು ತಿಂಗಳ ಮೇಲೆ ಒಂದು ಪ್ರಿಂಟರ್ ಕೂರಿಸೋಕೆ ಚಿತ್ತಾಪುರಕ್ಕೆ ಹೋಗಿದ್ದೆ. ಕೆಲಸ ಮುಗಿಸಿ ಬಸ್ಸಿಗೆ ಬರುವಾಗ ಒಂದು ಅಂಗಡಿ ಮುಂದೆ ಆಕೆ ಮಾಡಿದ ಬ್ಯಾನರ್ ಕಂಡಿತು. ಒಳಗೆ ಹೋಗಿ ಗುರುತು ಹೇಳಿದೆ. ಕುರ್ಚಿ ಕೊಟ್ಟಳು, ನೀರು ಕೊಟ್ಟಳು.

"ಗುಂಪಿನ್ಯಾಗ ಇದ್ದಿಯಲ್ಲವ್ವ, ಈಗ ಏನೂ ಕೇಳಂಗೇ ಇಲ್ಲಲ್ಲ?" ಅಂದೆ.

"ಓದ್ತೀನ್ರಿ ಅಣ್ಣಾ. ಕೇಳಂಗಿಲ್ಲ."

"ಯಾಕ?"

ಆಕೆ ಸ್ವಲ್ಪ ಹೊತ್ತು ಕೀಬೋರ್ಡ್ ಒರೆಸಿದಳು. "ಅವತ್ತ ನೀವೂ ನಕ್ಕಿದ್ರಲ್ರಿ" ಅಂದಳು.

ಯಾರು ಯಾವ ಮುಖ ಒತ್ತಿದರು ಅನ್ನುವುದು ಟೆಲಿಗ್ರಾಂನಲ್ಲಿ ಕಾಣುತ್ತದೆ. ಅದು ನನಗೆ ಗೊತ್ತಿತ್ತು. ಆಕೆ ನೋಡಿರಬಹುದು ಅಂತ ಮಾತ್ರ ಒಂದು ದಿನವೂ ಯೋಚಿಸಿರಲಿಲ್ಲ. ಬಸ್ಸಿನಲ್ಲಿ ಕೂತು ಆ ಮೆಸೇಜ್ ಹುಡುಕಿ ನನ್ನ ನಗು ತೆಗೆದೆ. ಅದರಿಂದೇನು ಬಂತು?

ಮರುದಿನ ಮೂರನೇ ಅಡ್ಮಿನ್‌ಗೆ ಹೇಳಿದೆ. ಅವರು ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಮೇಡಂ. ಮಾತು ಕಮ್ಮಿ, ಲೆಕ್ಕ ಜಾಸ್ತಿ. ಒಂದು ಭಾನುವಾರ ಇಡೀ ಕೂತು ಹಿಂದಿನ ಆರು ತಿಂಗಳ ಮೆಸೇಜ್ ತಿರುವಿದರು. ಮೊದಲ ಸಲ ಪ್ರಶ್ನೆ ಕೇಳಿ ಗುರುಗಳಿಂದ ಬೈಸಿಕೊಂಡವರ ಹೆಸರೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದರು. ಎರಡನೇ ಸಲ ಪ್ರಶ್ನೆ ಕೇಳಿದವರ ಮುಂದೆ ಟಿಕ್ ಹಾಕಿದರು. ಹೆಸರು ಒಂದು ಪುಟ ದಾಟಿ ಅದರ ಹಿಂಬದಿಗೆ ಹೋಗಿದ್ದವು. ಟಿಕ್ ಮೂರೇ ಇದ್ದವು.

ಗುರುಗಳು ಎಷ್ಟು ಉತ್ತರ ಕೊಟ್ಟರು ಅನ್ನೋ ಲೆಕ್ಕ ನಮ್ಮೆಲ್ಲರ ಬಾಯಲ್ಲಿತ್ತು. ಈ ಲೆಕ್ಕ ಯಾರೂ ಇಟ್ಟಿರಲಿಲ್ಲ. ಬಿಟ್ಟು ಹೋದವರಾದರೆ ಸದಸ್ಯರ ಸಂಖ್ಯೆಯಲ್ಲಿ ಕಾಣುತ್ತಾರೆ. ಬಾಯಿ ಮುಚ್ಚಿ ಒಳಗೇ ಕೂತವರು ಎಲ್ಲಿ ಕಾಣುತ್ತಾರೆ?

ಇನ್ನು ನಾನು ಮಾಡಿದ ತಪ್ಪುಗಳು.

ಮೊದಲನೆಯದು, ಹೆಸರು ಹೇಳದೆ ಗುಂಪಿಗೇ ಬುದ್ಧಿ ಹೇಳಿದ್ದು. "ದಯವಿಟ್ಟು ಎಲ್ಲರೂ ಗೌರವದಿಂದ ಮಾತಾಡಿ. ಕೆಲವರು ಒರಟಾಗಿ ಬರೆಯುತ್ತಿದ್ದಾರೆ" ಅಂತ ಹಾಕಿದೆ. ಮೊದಲ ಹೆಬ್ಬೆರಳು ಒತ್ತಿದವರು ಗುರುಗಳೇ. "ಕರೆಕ್ಟ್. ಈಗಿನ ಹುಡುಗರಿಗಿ ಮರ್ಯಾದಿ ಗೊತ್ತಿಲ್ಲ" ಅಂತ ಬರೆದರು. ಅತ್ತ ಅಫಜಲಪುರದ ಒಬ್ಬ ಬಡಪಾಯಿ ಹುಡುಗ ನನಗೆ ಖಾಸಗಿಯಾಗಿ ಬರೆದ. "ಸರ್, ನಿನ್ನೆ ನಾನು ಥ್ಯಾಂಕ್ಸ್ ಹೇಳೋದು ಮರೆತಿದ್ದೆ, ತಪ್ಪಾಯ್ತು." ಯಾರಿಗೆ ತಾಗಬೇಕೋ ಅವರನ್ನು ಬಿಟ್ಟು ಉಳಿದವರಿಗೆಲ್ಲ ತಾಗಿತ್ತು.

ಎರಡನೆಯದು, ಗುರುಗಳಿಗೆ ಉದ್ದದ ಮೆಸೇಜ್ ಬರೆದದ್ದು. ರಾತ್ರಿ ಹನ್ನೊಂದೂವರೆಗೆ ಬರೆದೆ. ಬೆಳಿಗ್ಗೆ ಏಳಕ್ಕೆ ಅದರ ಸ್ಕ್ರೀನ್‌ಶಾಟ್ ಗುಂಪಿನಲ್ಲಿತ್ತು. ಕೆಳಗೆ ಒಂದೇ ಸಾಲು. "ನಾ ಕೈ ಹಿಡದು ಕಲಿಸಿದವ ನನಗ ಮಾತಾಡೋದು ಕಲಸ್ಲತ್ತಾನ. ತಿಳೀತಾ?" ಅವತ್ತು ಪ್ರಿಂಟರ್, ಯುಪಿಎಸ್ ಎಲ್ಲ ಬದಿಗೆ ಹೋಯಿತು. ದಿನವಿಡೀ ಅದೇ ಜಗಳ. ಅರ್ಧ ಜನ ಅವರ ಕಡೆ. "ಉತ್ತರ ಸರಿ ಇದ್ರ ಸಾಕಲ್ಲ, ಬೆಣ್ಣಿ ಹಚ್ಚಿ ಕೊಡಬೇಕೇನು?" ಅಂದರು. ಸಂಜೆ ಸ್ಲೋ ಮೋಡ್ ಹಾಕಿದೆ. ಒಬ್ಬರು ಒಂದು ಮೆಸೇಜ್ ಹಾಕಿದ ಮೇಲೆ ಇನ್ನೊಂದಕ್ಕೆ ಹದಿನೈದು ನಿಮಿಷ ಕಾಯಬೇಕು. ಜಗಳ ಆಡುವವರಿಗೆ ಹದಿನೈದು ನಿಮಿಷ ಅಂದ್ರೆ ಭಾಳ ಆಯಿತು. ಚಹಾ ಕುಡಿಯೋಕೆ ಎದ್ದು ಹೋದವರು ವಾಪಸ್ ಬರಲಿಲ್ಲ. ಟೆಲಿಗ್ರಾಂನಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಗುಂಡಿ ಅದೇ.

ಆಮೇಲೆ ಮಾಡಬೇಕಿದ್ದನ್ನು ಮಾಡಿದೆ. ಅವರ ಅಂಗಡಿಗೆ ಹೋದೆ.

ಮೇ ತಿಂಗಳು ಮತ್ತೆ ಬಂದಿತ್ತು. ನಮ್ಮೂರ ಮೇ ಗೊತ್ತಲ್ಲ, ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಕರೆಂಟ್ ಹೋಗಿತ್ತು. ಗುರುಗಳು ಬರೀ ಬನಿಯನ್ ಹಾಕಿಕೊಂಡು ಕೂತು ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ, ಒಂದು ಎಸ್‌ಎಂಪಿಎಸ್ ಬಿಚ್ಚುತ್ತಿದ್ದರು. ನನ್ನನ್ನು ನೋಡಿ ಮಾತಾಡಲಿಲ್ಲ. ನಾನು ಸ್ಟೂಲ್ ಎಳೆದುಕೊಂಡು ಟಾರ್ಚ್ ಹಿಡಿದೆ. ಹಳೇ ಅಭ್ಯಾಸ. ಅವರು ಕೆಪಾಸಿಟರ್ ಬಿಡಿಸಿದರು, ಉಬ್ಬಿತ್ತು. ನನ್ನ ಕಡೆ ತೋರಿಸಿದರು. ಹತ್ತು ನಿಮಿಷ ಹಾಗೇ ಹೋಯಿತು.

"ಏನ್ ಹೇಳಬೇಕೂಂತ ಬಂದೀದಿ ಹೇಳು."

ಹೇಳಿದೆ. ಚಿತ್ತಾಪುರದ ಹುಡುಗಿಯ ಮಾತು ಹೇಳಿದೆ. ಮೇಡಂ ಬರೆದ ಪುಟ ಹೇಳಿದೆ.

"ನಿನಗೂ ಬೈದೀನಿ. ನೀ ಓಡಿ ಹೋದ್ಯಾ?"

"ಇಲ್ರಿ."

"ಮತ್ತ? ಲಿನಸ್ ಟೋರ್ವಾಲ್ಡ್ಸ್ ಬೈದು ಬೈದೇ ಲಿನಕ್ಸ್ ಕಟ್ಯಾನ. ಅವನಿಗಿ ಯಾರರ ಕೇಳ್ಯಾರ? ನಾ ಒಂದ್ ಮಾತ್ ಅಂದ್ರ ಇವರಿಗಿ ಅಳು ಬರ್ತದ."

ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ರಾತ್ರಿ ಮನೆಯಲ್ಲಿ ಹುಡುಕಿದರೆ ಸಿಕ್ಕಿತು. ಅವರನ್ನೂ ಕೇಳಿದ್ದಾರೆ. 2018ರ ಸೆಪ್ಟೆಂಬರ್‌ನಲ್ಲಿ ಟೋರ್ವಾಲ್ಡ್ಸ್ ತಾವೇ ಕ್ಷಮೆ ಕೇಳಿ, ಮಂದಿಯ ಜೊತೆ ನಡೆದುಕೊಳ್ಳೋದು ಕಲಿಯಬೇಕು ಅಂತ ಕೆಲಸದಿಂದ ಬಿಡುವು ತಗೊಂಡಿದ್ದರು. ಅದೇ ಹೊತ್ತಿಗೆ ಲಿನಕ್ಸ್ ಕರ್ನೆಲ್ ಬಳಗ ನಡವಳಿಕೆಯ ನಿಯಮ ತಂದಿತು. ಅಕ್ಟೋಬರ್‌ನಲ್ಲಿ ಅವರು ವಾಪಸ್ ಬಂದರು. ಮರುದಿನ ಇದನ್ನೇ ಹಿಡಿದುಕೊಂಡು ಮತ್ತೆ ಅಂಗಡಿಗೆ ಓಡಿದೆ, ಬಹುಮಾನ ಗೆದ್ದವನ ಹಾಗೆ. ಗುರುಗಳು ಓದಿದರು. "ವಯಸ್ಸಾಗ್ಯಾದ ಅವನಿಗಿ" ಅಂದರು. ವಾದ ಗೆದ್ದು ಯಾರನ್ನಾದರೂ ಬದಲಾಯಿಸಿದ್ದನ್ನು ನಾನಂತೂ ನೋಡಿಲ್ಲ.

ಮೊದಲ ದಿನಕ್ಕೇ ವಾಪಸ್ ಬರುತ್ತೇನೆ. ಮಾತು ಮುಗಿದ ಮೇಲೆ ಅವರು ಹೊರಗೆ ಕೂಗಿ ಎರಡು ಚಹಾ ಹೇಳಿದರು. ಅರ್ಧರ್ಧ ಕುಡಿಯುವಾಗ ನನಗೆ ಹೊಳೆಯಿತು. ಈ ಚಹಾ ಅವತ್ತೂ ಇರುತ್ತಿತ್ತು. ಬೆರಳಿಗೆ ಕುಟ್ಟಿದ ಹತ್ತು ನಿಮಿಷಕ್ಕೆ ಚಹಾ ಬರುತ್ತಿತ್ತು, ಒಮ್ಮೊಮ್ಮೆ ಜೊತೆಗೆ ಭಜಿಯೂ. ಬೈಗುಳ ಕೇಳುತ್ತಿದ್ದದ್ದು ನಾನು, ಇನ್ನೊಬ್ಬ ಹುಡುಗ, ಇಬ್ಬರೇ. ಚಿತ್ತಾಪುರದ ಹುಡುಗಿಗೆ ಬೈದಾಗ ಆರು ನೂರು ಜನ ನೋಡುತ್ತಿದ್ದರು. ಚಹಾ ಹೇಳುವವರು ಯಾರೂ ಇರಲಿಲ್ಲ. ಇದನ್ನು ಅವರಿಗೆ ಹೇಳಿದೆ. ಅವರು ಲೋಟ ಕೆಳಗಿಟ್ಟು, "ಹ್ಮ್" ಅಂದರು. ಅಷ್ಟೇ.

ಆಮೇಲೆ ನಿಯಮ ಬರೆದೆವು. ನಾನು ಬರೆದ ಮೊದಲ ಪಟ್ಟಿಯಲ್ಲಿ ಹದಿನಾಲ್ಕು ಇದ್ದವು, ಸರ್ಕಾರಿ ಸುತ್ತೋಲೆ ಥರ. ಮೇಡಂ ನೋಡಿ, "ಇದನ್ನ ನೀವೇ ಓದಂಗಿಲ್ಲ" ಅಂದು ನಾಲ್ಕಕ್ಕೆ ಇಳಿಸಿದರು. ಕೆಲಸದ ತಪ್ಪು ಹೇಳಿ, ಮನುಷ್ಯನಿಗೆ ಬೈಯಬೇಡಿ. ಖಾಸಗಿ ಮೆಸೇಜ್ ಗುಂಪಿಗೆ ಹಾಕಬೇಡಿ. ಕೇಳದೆ ಯಾರಿಗೂ ಖಾಸಗಿ ಮೆಸೇಜ್ ಕಳಿಸಬೇಡಿ. ಮೊದಲ ಸಲ ತಪ್ಪಿದರೆ ಮಾತು, ಎರಡನೇ ಸಲ ಒಂದು ವಾರ ಬರೆಯೋದು ಬಂದ್, ಮೂರನೇ ಸಲ ಹೊರಗೆ, ಯಾರೇ ಆಗಿರಲಿ. ಆ ಕೊನೆಯ ಎರಡು ಪದಕ್ಕೆ ನಾವು ಮೂವರು ಒಂದು ಗಂಟೆ ಜಗಳ ಆಡಿದೆವು. ಅದು ಯಾರಿಗೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ ಅನ್ನುವುದು ಆಳಂದ ರಸ್ತೆಯ ಗೆಳೆಯನ ತಕರಾರು. ಗೊತ್ತಾಗಲಿ ಅಂದರು ಮೇಡಂ.

ಎರಡು ತಿಂಗಳು ಗುರುಗಳು ಬಂಗಾರದಂಗಿದ್ದರು. ಉತ್ತರ ಕೊಟ್ಟು ಕೊನೆಗೆ 'ತಿಳೀತಾ' ಅಂತ ಮಾತ್ರ ಉಳಿಸಿಕೊಂಡಿದ್ದರು. ಅದನ್ನು ಬಿಡು ಅಂತ ಹೇಳೋಕೆ ನನಗೆ ಮನಸ್ಸಾಗಲಿಲ್ಲ.

ಒಂದು ದಿನ ಜೇವರ್ಗಿ ಕಡೆಯ ಬಿಎಸ್ಸಿ ಹುಡುಗ ಉಬುಂಟು ಅನ್ನೋ ಲಿನಕ್ಸ್ ಹಾಕುವಾಗ ವಿಂಡೋಸ್ ಇದ್ದ ಇಡೀ ಡಿಸ್ಕ್ ಅಳಿಸಿಬಿಟ್ಟ. ಗಾಬರಿಯಾಗಿ ಒಂದೇ ಪ್ರಶ್ನೆ ಐದು ಸಲ ಹಾಕಿದ. ಅವನದೂ ತಪ್ಪಿತ್ತು ಅನ್ನಿ. ಗುರುಗಳು ಬರೆದರು. "ನಿನ್ನ ಕೈಲಿ ಆಗೋ ಕೆಲಸ ಅಲ್ಲ ಇದು. ಊರಿಗಿ ಹೋಗಿ ತೊಗರಿ ಬಿತ್ತು."

ಗುಂಪಿನ ಅರ್ಧ ಜನರ ಮನೆಯಲ್ಲಿ ತೊಗರಿ ಬಿತ್ತುತ್ತಾರೆ. ಅಪ್ಪ ಗಂಜ್ ಮಾರುಕಟ್ಟೆಗೆ ತೊಗರಿ ಹಾಕಿ ಬಂದ ದುಡ್ಡಿನಲ್ಲೇ ಎಷ್ಟೋ ಜನ ಲ್ಯಾಪ್‌ಟಾಪ್ ತಗೊಂಡದ್ದು. ನನ್ನ ಮೊದಲ ಕಂಪ್ಯೂಟರ್ ಕೂಡ ಹಾಗೇ ಬಂದದ್ದು. ಅವತ್ತು ಯಾರೂ ನಗುವ ಮುಖ ಒತ್ತಲಿಲ್ಲ.

ಅಂಗಡಿಯಲ್ಲಿ ಆಡಿದ ಮಾತು ಮೊದಲನೇದು, ಇದು ಎರಡನೇದು ಅಂತ ಒಂದು ವಾರ ಅವರ ಬರವಣಿಗೆ ಬಂದ್ ಮಾಡಿದೆವು. ಮೂರನೇ ದಿನಕ್ಕೆ ಹೊಸ ಸದಸ್ಯನೊಬ್ಬ ಬಂದ. ಹೆಸರು, ಫೋಟೋ ಎಲ್ಲ ಬೇರೆ. ನಾನೇ ಒಪ್ಪಿಗೆ ಕೊಟ್ಟಿದ್ದೆ. ಬಂದವನೇ "ಈ ಗುಂಪಿನ ಅಡ್ಮಿನ್‌ಗಳಿಗೆ ಏನೂ ಬರೋದಿಲ್ಲ, ಹಿರಿಯರಿಗೆ ಬೆಲೆಯಿಲ್ಲ" ಅಂತ ಶುರು ಮಾಡಿದ. ಮೂರು ಪ್ಯಾರಾ ಬರೆದ. ಕೊನೆಗೆ 'ತಿಳೀತಾ?' ಅಂತ ಮುಗಿಸಿದ. ನಾವು ಮೂವರೂ ಫೋನಿನಲ್ಲಿ ನಕ್ಕೆವು. ಆಮೇಲೆ ಮೇಡಂ ನಗು ನಿಲ್ಲಿಸಿ, "ಇದು ಮೂರನೇದು" ಅಂದರು.

ನಾನು ನಾಲ್ಕು ದಿನ ಎಳೆದೆ. ಅಂಗಡಿ ಸುತ್ತಮುತ್ತ ಓಡಾಡಿದೆ, ಒಳಗೆ ಹೋಗಲಿಲ್ಲ. ಮನೆಯವಳು ಒಂದು ರಾತ್ರಿ ರೊಟ್ಟಿ ಬಡಿಯುತ್ತಲೇ ಕೇಳಿದಳು, "ಅವರನ್ನ ತೆಗಿಲಿಕ್ಕ ಅಂಜಿಕ್ಯೋ, ತೆಗದ ಮ್ಯಾಲ ಉತ್ತರ ಕೊಡೋರು ಯಾರು ಅಂತ ಅಂಜಿಕ್ಯೋ?" ಎರಡನೆಯದೇ ಜಾಸ್ತಿ ಇತ್ತು. ಗುರುಭಕ್ತಿ ಅಂತ ಹೆಸರು ಹೇಳಿಕೊಂಡಿದ್ದೆ.

ಫೋನ್ ಮಾಡಿದೆ, ಎತ್ತಲಿಲ್ಲ. ಮೆಸೇಜ್ ಬರೆದೆವು. ನನ್ನ ಮೊದಲ ಕರಡಿನಲ್ಲಿ ಮೂರು ಸಲ ಕ್ಷಮಿಸಿ ಇತ್ತು, ಒಂದು ಪ್ಯಾರಾ ಹೊಗಳಿಕೆ ಇತ್ತು. ಮೇಡಂ ಎಲ್ಲ ಹೊಡೆದು ಹಾಕಿದರು. ಕಳಿಸಿದ್ದು ಇಷ್ಟು: "ಸರ್, ಇವತ್ತು ನಿಮ್ಮನ್ನು ಗುಂಪಿನಿಂದ ತೆಗೆಯುತ್ತಿದ್ದೇವೆ. ಕಾರಣ ನಿಮಗೆ ಗೊತ್ತಿದೆ. ತೀರ್ಮಾನ ಮೂವರದು. ಆರು ತಿಂಗಳಾದ ಮೇಲೆ ವಾಪಸ್ ಬರಬೇಕು ಅನಿಸಿದರೆ ಫೋನ್ ಮಾಡಿ, ಕೂತು ಮಾತಾಡೋಣ." ಬೆಳಿಗ್ಗೆ ಹತ್ತಕ್ಕೆ ಕಳಿಸಿದೆವು. ರಾತ್ರಿ ಏನನ್ನೂ ಕಳಿಸಬಾರದು ಅಂತ ಅಷ್ಟರಲ್ಲಿ ಕಲಿತಿದ್ದೆ. ಗುಂಪಿಗೆ ಎರಡು ಸಾಲು ಹಾಕಿದೆವು. ಅವರ ತಪ್ಪಿನ ಪಟ್ಟಿ ಹಾಕಲಿಲ್ಲ. ಕೇಳಬೇಕಾದವರು ನಮಗೆ ಫೋನ್ ಮಾಡಿ ಅಂದೆವು. ಹನ್ನೆರಡು ಜನ ಮಾಡಿದರು. ನಾಲ್ವರು ಚೆನ್ನಾಗಿ ಬೈದರು. ಅವರ ಕೈಯಲ್ಲಿ ಕಲಿತ ಹಳೇ ಹುಡುಗರು ಕೆಲವರು ಗುಂಪು ಬಿಟ್ಟರು. ಅದರಲ್ಲಿ ಒಬ್ಬ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ.

ತೆಗೆಯುವಾಗ ಟೆಲಿಗ್ರಾಂ ಒಂದು ಪ್ರಶ್ನೆ ಕೇಳುತ್ತದೆ, ಈ ಸದಸ್ಯನ ಎಲ್ಲ ಮೆಸೇಜ್ ಅಳಿಸಬೇಕಾ ಅಂತ. ಬೇಡ ಅಂದೆವು. ಸಾವಿರಾರು ಉತ್ತರ ಇದ್ದವು ಅಲ್ಲಿ, ಹೇಗೆ ಅಳಿಸೋದು? ಆದರೆ ಬೈಗುಳವೂ ಅದೇ ಮೆಸೇಜ್‌ನಲ್ಲಿ. ಅಡ್ಮಿನ್ ಆದರೂ ಇನ್ನೊಬ್ಬರ ಮೆಸೇಜ್ ತಿದ್ದೋಕೆ ಬರುವುದಿಲ್ಲ. ಇಟ್ಟರೆ ಇಡೀ ಇಡಬೇಕು, ತೆಗೆದರೆ ಇಡೀ ತೆಗೆಯಬೇಕು. ಕೊನೆಗೆ ಮೇಡಂ ಒಂದು ಫೈಲ್ ಮಾಡಿದರು. ತೊಗರಿಬ್ಯಾಳಿಯಿಂದ ಹರಳು ಆರಿಸುವ ಹಾಗೆ ಒಂದೊಂದೇ ಮೆಸೇಜ್‌ನಿಂದ ಬೈಗುಳ ಆರಿಸಿ ತೆಗೆದು, ಬರೀ ಉತ್ತರ ಅದಕ್ಕೆ ಹಾಕಿದರು. 'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿದ ಹಳೆಯ ಫೈಲ್ ಯಾಕೆ ಬೇರೆ ಕಂಪ್ಯೂಟರಿನಲ್ಲಿ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರವಾಗಿ ಕಾಣುತ್ತದೆ, ಫೋಟೋಶಾಪ್‌ನಲ್ಲಿ ಒತ್ತಕ್ಷರ ಬಿಚ್ಚಿಕೊಂಡರೆ ಯಾವ ಸೆಟ್ಟಿಂಗ್ ಬದಲಿಸಬೇಕು, ಎಲ್ಲ. ಮೇಲೆ 'ಗುರುಗಳ ಉತ್ತರಗಳು' ಅಂತ ಬರೆದು ಗುಂಪಿನಲ್ಲಿ ಪಿನ್ ಮಾಡಿದೆವು. ಆ ಹೆಸರು ಬೇಕಾ ಅಂತ ಗೆಳೆಯ ಕೇಳಿದ. ಬೇಕು ಅಂದೆ. ಅವರದ್ದೇ ಅಲ್ವಾ ಅವು?

ಮುಂದಿನ ತಿಂಗಳು ಗುಂಪು ಸತ್ತಂಗಿತ್ತು. ಪ್ರಶ್ನೆ ಬಂದರೆ ಎರಡು ದಿನ ಉತ್ತರ ಇಲ್ಲ. ನಾನು ಅಂಗಡಿ ಬಿಟ್ಟು ಮೊಬೈಲ್ ಹಿಡಿದು ಕೂತೆ. ಮೆಲ್ಲಗೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ತಪ್ಪು ಉತ್ತರವೇ ಜಾಸ್ತಿ. ಒಬ್ಬರು ತಪ್ಪು ಹೇಳೋದು, ಇನ್ನೊಬ್ಬರು ತಿದ್ದೋದು, ಮೂರನೆಯವರು ಇಬ್ಬರೂ ತಪ್ಪು ಅನ್ನೋದು. ಗುರುಗಳಿದ್ದಾಗ ನಾಲ್ಕು ನಿಮಿಷಕ್ಕೆ ಮುಗಿಯುತ್ತಿದ್ದದ್ದು ಈಗ ಅರ್ಧ ದಿನ. ಗಿರಾಕಿ ಎದುರಿಗೆ ನಿಂತಿರುವ ಅಂಗಡಿಯವನಿಗೆ ಅರ್ಧ ದಿನ ಅಂದ್ರೆ ಸಣ್ಣ ಮಾತಲ್ಲ. ಇದನ್ನು ಮುಚ್ಚಿಟ್ಟು ಎಲ್ಲ ಚಲೋ ಆಯಿತು ಅಂತ ಬರೆಯಲಾರೆ.

ಆರು ತಿಂಗಳಾಯಿತು. ಫೋನ್ ಬರಲಿಲ್ಲ.

ಮೊನ್ನೆ ಟೋನರ್ ಪುಡಿ ತರೋಕೆ ಹೋಗಿದ್ದೆ. ಅದೇ ಅಂಗಡಿಯಲ್ಲಿ ಗುರುಗಳು ಬೆನ್ನು ಹಾಕಿ ನಿಂತಿದ್ದರು. ತಪ್ಪಿಸಿಕೊಳ್ಳೋಕೆ ಜಾಗ ಇರಲಿಲ್ಲ.

"ನಮಸ್ಕಾರ್ರಿ ಸರ್."

ಅವರು ತಿರುಗಿದರು. ನಮಸ್ಕಾರಕ್ಕೆ ಉತ್ತರ ಕೊಡಲಿಲ್ಲ. "ನಿಮ್ಮ ಗುಂಪಿನ್ಯಾಗ ನಿನ್ನೆ ಯಾರೋ ಪ್ರಿಂಟರ್ ಡ್ರಮ್ ಹೋಗ್ಯಾದ ಅಂದಾನಲ್ಲ. ಯಾವ ಮೂರ್ಖ ಅವ? ಕಾಗದ ಹೊರಗ ಬಂದ ಮ್ಯಾಲ ಬೆರಳಿಂದ ತಿಕ್ಕಿದ್ರ ಅಕ್ಷರ ಅಳಸ್ತದಂದ್ರ ಡ್ರಮ್ ಹ್ಯಾಂಗಾಯ್ತು? ಪುಡಿ ಕಾಗದಕ್ಕ ಹತ್ಯಾದ, ಬೆಂದಿಲ್ಲ. ಫ್ಯೂಸರ್ ಬಿಸಿ ಆಗಲತ್ತಿಲ್ಲ. ಮೊದಲು ಫ್ಯೂಸರ್ ನೋಡ್ರಿ."

ಯಾರೋ ಅವರಿಗೆ ಗುಂಪಿನ ಮಾತು ಕಳಿಸುತ್ತಿದ್ದಾರೆ. ಯಾರು ಅಂತ ಕೇಳಲಿಲ್ಲ. ಡ್ರಮ್ ಅಂದ ಮೂರ್ಖ ನಾನೇ ಅಂತಲೂ ಹೇಳಲಿಲ್ಲ. ಅವರಿಗೆ ಗೊತ್ತಿತ್ತು ಅಂತ ಕಾಣುತ್ತದೆ.

ಹೊರಗೆ ಬಂದು ಗಾಡಿ ಒರೆಸುತ್ತ ನಿಂತರು. ಎದುರಿನ ಹೋಟೆಲ್ ಕಡೆ ಕೈ ಮಾಡಿ ಎರಡು ಬೆರಳು ತೋರಿಸಿದರು.

ಕುಡಿದೆವು. ಗುಂಪಿನ ಮಾತು ಎತ್ತಲಿಲ್ಲ. ಬಿಸಿಲಿನ ಮಾತು, ಅವರ ಮಗಳ ಮದುವೆ ಮಾತು. ದುಡ್ಡು ಕೊಡೋಕೆ ಹೋದರೆ ಕೈ ಹಿಡಿದರು.

ಅಂಗಡಿಗೆ ಬಂದು ಗುಂಪಿನಲ್ಲಿ ಬರೆದೆ. "ನಿನ್ನೆ ನಾನು ಡ್ರಮ್ ಅಂದದ್ದು ತಪ್ಪು. ಬೆರಳಿಗೆ ಅಕ್ಷರ ಅಳಿಸಿದರೆ ಮೊದಲು ಫ್ಯೂಸರ್ ನೋಡಿ. ಹಿರಿಯರೊಬ್ಬರು ಹೇಳಿದರು." ಸಂಜೆ ಪ್ರಶ್ನೆ ಕೇಳಿದ ಹುಡುಗ ಉತ್ತರ ಹಾಕಿದ. ಫ್ಯೂಸರೇ ಆಗಿತ್ತು. ಕೆಳಗೆ ಚಿತ್ತಾಪುರದ ಹುಡುಗಿ ಬರೆದಿದ್ದಳು, "ಅಣ್ಣಾ, ಆ ಹಿರಿಯರು ಗುಂಪಿನಲ್ಲಿ ಇದ್ದಾರಾ?"

ಇಲ್ಲ ಅಂತ ಬರೆದೆ.